ಹಕ್ಕಿಯೋ ಅಕ್ಕಿಯೋ: ಎಂ.ಎ. ಡಿಸರ್ಟೇಶನ್‌ಗೆ ಹಕಾರ ಲೋಪ ತೆಗೆದುಕೊಂಡರೆ ಎಷ್ಟು ಜನ, ಎಷ್ಟು ಪದ, ಏನನ್ನು ಅಳೆಯಬೇಕು?

ನಾಗಮಂಗಲ_ಎಂಎ (ಪ್ರಶ್ನೆ)

ನಮಸ್ಕಾರ. ಭಾಷಾವಿಜ್ಞಾನ ಎಂ.ಎ. ನಾಲ್ಕನೇ ಸೆಮಿಸ್ಟರ್. ಡಿಸರ್ಟೇಶನ್‌ಗೆ ‘ಮಂಡ್ಯ ಕನ್ನಡದ ವರ್ಣನಾತ್ಮಕ ವ್ಯಾಕರಣ’ ಎಂದು ಬರೆದುಕೊಟ್ಟಿದ್ದೆ. ಗೈಡ್ ಒಪ್ಪಲಿಲ್ಲ, ಒಂದೇ ಒಂದು ಧ್ವನಿಯ ವಿಷಯ ಹಿಡಿ, ಅದಕ್ಕೆ ಧ್ವನಿಮುದ್ರಣದ ಆಧಾರ ಕೊಡು ಅಂದರು. ನಮ್ಮ ಕಡೆ ಪದದ ಮೊದಲ ಹಕಾರ ಬಿಟ್ಟುಹೋಗುತ್ತದಲ್ಲ, ಹಳ್ಳಿ–ಅಳ್ಳಿ, ಹಾಲು–ಆಲು, ಅದನ್ನೇ ತೆಗೆದುಕೊಂಡಿದ್ದೇನೆ. ಕೈಯಲ್ಲಿರುವುದು 14 ವಾರ, ಒಂದು ಆಂಡ್ರಾಯ್ಡ್ ಫೋನು, ಪ್ರಾಟ್ (ಧ್ವನಿ ಅಳೆಯುವ ತಂತ್ರಾಂಶ) ಹಾಕಿದ ಲ್ಯಾಪ್‌ಟಾಪು.

ಎಷ್ಟು ಜನರನ್ನು ಮಾತಾಡಿಸಬೇಕು? ಪದಪಟ್ಟಿ ಓದಿಸಿದರೆ ಸಾಕೇ? ಪ್ರಾಟ್‌ನಲ್ಲಿ ಹಕಾರ ಇದೆಯೋ ಇಲ್ಲವೋ ಎಂದು ಯಾವ ಅಳತೆಯಿಂದ ತೋರಿಸುವುದು? ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಧ್ವನಿಯ ಆವರ್ತನಗಳ ಚಿತ್ರದಲ್ಲಿ) ಸಕಾರ ಕಂಡಹಾಗೆ ಹಕಾರ ಕಾಣುತ್ತಿಲ್ಲ.

ಕ್ಷೇತ್ರಕಾರ್ಯ_ಧಾರವಾಡ

ನಿಮ್ಮ ಗೈಡ್ ಹೇಳಿದ್ದು ಸರಿ. ಒಂದು ಉಪಭಾಷೆಯ ಇಡೀ ವ್ಯಾಕರಣ 14 ವಾರಕ್ಕೆ ಆಗುವ ಕೆಲಸವಲ್ಲ. ನಿಮ್ಮ ಪಕ್ಕದ ಸೀಮೆಯದೇ ಆದ ನಂಜನಗೂಡು ಕನ್ನಡದ ಬಗ್ಗೆ ಯು.ಪಿ. ಉಪಾಧ್ಯಾಯರು ಮಾಡಿದ ವರ್ಣನೆಯನ್ನು ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿದೆ. ಮೊದಲು ಅದನ್ನು ತೆಗೆದು ನೋಡಿ, ಒಬ್ಬ ಪಳಗಿದ ವಿದ್ವಾಂಸನಿಗೆ ಅದು ಎಷ್ಟು ದೊಡ್ಡ ಕೆಲಸವಾಗಿತ್ತು ಎಂಬುದು ತಿಳಿಯುತ್ತದೆ.

ಓದಿಸುವ ಯೋಚನೆ ಬಿಟ್ಟುಬಿಡಿ. ಕಾಗದದಲ್ಲಿ ‘ಹ’ ಕಂಡ ಕ್ಷಣ ಶಾಲೆಗೆ ಹೋದವರ ಬಾಯಲ್ಲಿ ಹಕಾರ ಎದ್ದು ಬರುತ್ತದೆ. ಆಗ ನಿಮಗೆ ಸಿಗುವುದು ಮೇಷ್ಟರು ಕಲಿಸಿದ ಓದು, ಊರಿನ ಮಾತಲ್ಲ. ಚಿತ್ರ ತೋರಿಸಿ, ಇಲ್ಲವೇ ಪ್ರಶ್ನೆ ಕೇಳಿ ಪದ ಹೊರಡಿಸಿ. ನೀವು ಮಾತ್ರ ಆ ಪದವನ್ನು ಬಾಯಿಬಿಟ್ಟು ಹೇಳಬಾರದು.

ಪದಗಳನ್ನು ಜೋಡಿಯಾಗಿ ಆರಿಸಿ. ಹಕಾರ ಹೋದರೆ ಎರಡು ಪದ ಒಂದೇ ಆಗುವಂಥವು ನಿಮ್ಮ ವಿಷಯದ ಜೀವಾಳ: ಹಕ್ಕಿ–ಅಕ್ಕಿ, ಹುಳಿ–ಉಳಿ, ಹಾಡು–ಆಡು, ಹಾಳು–ಆಳು, ಹಾರು–ಆರು, ಹೆಸರು–ಎಸರು, ಹೇಳು–ಏಳು, ಹುರಿ–ಉರಿ, ಹೊಡೆ–ಒಡೆ, ಹಳೆ–ಅಳೆ. ಹತ್ತು ಜೋಡಿ, ಇಪ್ಪತ್ತು ಪದ. ‘ಹತ್ತು–ಅತ್ತು’ ಚೆನ್ನಾಗಿ ಕಾಣುತ್ತದೆ, ಆದರೆ ‘ಅತ್ತು’ ಒಂಟಿಯಾಗಿ ಯಾರ ಬಾಯಲ್ಲೂ ಬರುವುದಿಲ್ಲ, ಬಿಡಿ.

ಆರು ಬೇಕಾದರೆ ‘ಐದಾದ ಮೇಲೆ ಎಷ್ಟು?’ ಅನ್ನಿ. ಎಸರು ಬೇಕಾದರೆ ‘ಮುದ್ದೆ ಮಾಡೋಕೆ ಮೊದಲು ಒಲೆ ಮೇಲೆ ನೀರು ಇಡ್ತೀರಲ್ಲ, ಅದಕ್ಕೆ ಏನಂತೀರಿ?’ ಅನ್ನಿ. ಹುಳಿಗೆ ಹುಣಸೆಯ ಚಿತ್ರ ತೋರಿಸಿದರೆ ‘ಉಣ್ಸೆಹಣ್ಣು’ ಬರುತ್ತದೆ, ಹುಳಿ ಬರುವುದಿಲ್ಲ. ನಿಂಬೆಕಾಯಿ ರುಚಿ ಎಂಥದು ಎಂದು ಕೇಳಿ. ಕುಕ್ಕರಿನ ಕಾಲದ ಹುಡುಗರಿಗೆ ಎಸರು ಗೊತ್ತಿಲ್ಲದೆ ಇರಬಹುದು. ಅಂಥಲ್ಲಿ ಹೇಳಿಕೊಡಬೇಡಿ, ಆ ಪದ ಸಿಗಲಿಲ್ಲ ಎಂದು ಗುರುತು ಹಾಕಿ ಮುಂದೆ ಹೋಗಿ.

ಪದವನ್ನು ಒಂಟಿಯಾಗಿ ಒಮ್ಮೆ, ವಾಕ್ಯದೊಳಗೆ ಒಮ್ಮೆ ಹೇಳಿಸಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ‘ಈಗ ___ ಅಂತ ಹೇಳಿ’ ಎಂಬ ಚೌಕಟ್ಟು ಕೊಟ್ಟರೆ ಅದರಲ್ಲೇ ಒಂದು ಹಕಾರ ಕೂತಿದೆ, ನಿಮ್ಮ ಬಾಯಿಂದ ಅವರ ಕಿವಿಗೆ ಮಾದರಿ ಹೋಗಿಬಿಡುತ್ತದೆ. ‘ನಾನು ___ ಅಂದೆ’ ಎಂದರೆ ನಾನು ಎಂಬುದರ ಉಕಾರ ಲೋಪವಾಗಿ ‘ನಾನಕ್ಕಿ’ ಆಗಿ ಎಲ್ಲಿ ಪದ ಶುರುವಾಯಿತೆಂದು ಗೊತ್ತಾಗದು. ದೀರ್ಘ ಸ್ವರದಲ್ಲಿ ಮುಗಿಯುವ ಹೆಸರು ಇಡಿ: ‘ರಾಧಾ ___ ಅಂದ್ಲು’.

ಜನ: 12 ಸಾಕು. 60 ದಾಟಿದವರು ಆರು, 18ರಿಂದ 30ರವರು ಆರು. ಪ್ರತಿ ಗುಂಪಿನಲ್ಲಿ ಮೂವರು ಹೆಂಗಸರು, ಮೂವರು ಗಂಡಸರು. ಎಲ್ಲರೂ ಅದೇ ಊರಲ್ಲಿ ಬೆಳೆದವರಾಗಿರಲಿ. ಬೆಂಗಳೂರಲ್ಲಿ ಹತ್ತು ವರ್ಷ ಇದ್ದು ಬಂದವರನ್ನು ಸೇರಿಸಿದರೆ ವಯಸ್ಸಿನ ಪರಿಣಾಮವೋ ವಲಸೆಯ ಪರಿಣಾಮವೋ ಬೇರ್ಪಡಿಸಲಾಗದು. 20 ಪದ, ಎರಡು ಸಂದರ್ಭ, ಮೂರು ಸಲ ಎಂದರೆ ಒಬ್ಬರಿಂದ 120 ಉಚ್ಚಾರ, ಒಟ್ಟು 1440. ಒಂದೊಂದಕ್ಕೆ ಗಡಿ ಹಾಕಿ ಗುರುತು ಬರೆಯಲು ಒಂದೂವರೆ ನಿಮಿಷವೆಂದರೂ 36 ಗಂಟೆ. ಅದನ್ನು ಕೊನೆಯ ಎರಡು ವಾರಕ್ಕೆ ಇಟ್ಟುಕೊಳ್ಳಬೇಡಿ. ಒಬ್ಬರದು ಮುಗಿದ ಕೂಡಲೇ ಅವರದನ್ನು ಗುರುತು ಮಾಡಿ ಮುಗಿಸಿ. ಪದಪಟ್ಟಿಯ ತಪ್ಪು ಎರಡನೆಯವರಲ್ಲೇ ಸಿಗುತ್ತದೆ, ಹನ್ನೆರಡನೆಯವರಲ್ಲಲ್ಲ.

ಧ್ವನಿಪ್ರಯೋಗಾಲಯ

ಅಳತೆಯ ಪ್ರಶ್ನೆಗೆ ಉತ್ತರ. ಸ್ಪೆಕ್ಟ್ರೋಗ್ರಾಮ್‌ನಲ್ಲಿ ಹಕಾರ ಕಾಣದಿರುವುದಕ್ಕೆ ಕಾರಣವಿದೆ. ಸಕಾರಕ್ಕೆ ನಾಲಿಗೆಯ ಬಳಿ ಇಕ್ಕಟ್ಟು, ಗಾಳಿ ಅಲ್ಲಿ ಉಜ್ಜಿ ಮೇಲಿನ ಆವರ್ತನಗಳಲ್ಲಿ ದಟ್ಟ ಸದ್ದು ಬರುತ್ತದೆ. ಹಕಾರಕ್ಕೆ ಬಾಯಲ್ಲಿ ಅಂಥ ಸ್ವಂತ ಜಾಗವೇ ಇಲ್ಲ. ಗಂಟಲ ತಂತುಗಳ ನಡುವಿನ ಉಸಿರು, ಮುಂದಿನ ಸ್ವರದ ಆಕಾರವನ್ನೇ ತೊಟ್ಟು ಬರುತ್ತದೆ. ಅದರಲ್ಲೂ ಎರಡು ಸ್ವರಗಳ ನಡುವೆ ಕನ್ನಡದ ಹಕಾರ ಬಹುಪಾಲು ಘೋಷವಾಗಿಯೇ ಇರುತ್ತದೆ, ತಂತುಗಳ ಕಂಪನ ನಿಲ್ಲುವುದೇ ಇಲ್ಲ. ಅಘೋಷದ ಖಾಲಿ ಜಾಗ ಹುಡುಕಿದರೆ ಸಿಗದು. ಹುಡುಕಬೇಕಾದದ್ದು ಸ್ವರದ ಶುರುವಿನಲ್ಲಿರುವ ಉಸಿರು ಬೆರೆತ ಗುಣವನ್ನು.

ಅದಕ್ಕೆ ಮೂರು ಅಳತೆ ತೆಗೆಯಿರಿ. ಒಂದು, ಮೊದಲ ಮತ್ತು ಎರಡನೇ ಹಾರ್ಮೋನಿಕ್‌ಗಳ (ದನಿಯ ಮೂಲ ಆವರ್ತನ, ಅದರ ಇಮ್ಮಡಿ) ತೀವ್ರತೆಯ ವ್ಯತ್ಯಾಸ, ಎಚ್1–ಎಚ್2. ಉಸಿರು ಬೆರೆತಷ್ಟೂ ಇದು ಹೆಚ್ಚು. ಎರಡು, ಹಾರ್ಮೋನಿಸಿಟಿ, ಅಂದರೆ ನಾದಕ್ಕೂ ಗದ್ದಲಕ್ಕೂ ಇರುವ ಅನುಪಾತ. ಉಸಿರು ಬೆರೆತಷ್ಟೂ ಇದು ಕಡಿಮೆ. ಮೂರು, ತೀವ್ರತೆಯ ಗೆರೆ ಅಲ್ಲಿ ತಗ್ಗುತ್ತದೆಯೇ ಎಂಬುದು. ಸ್ವರ ಶುರುವಾದ ಮೊದಲ 30 ಮಿಲಿಸೆಕೆಂಡಿನಲ್ಲಿ ಒಂದು ಸಲ, ಸ್ವರದ ನಟ್ಟನಡುವೆ ಇನ್ನೊಂದು ಸಲ ತೆಗೆದು ವ್ಯತ್ಯಾಸ ಬರೆಯಿರಿ. ಒಬ್ಬೊಬ್ಬರ ದನಿ ಹುಟ್ಟಿನಿಂದಲೇ ಬೇರೆ ಬೇರೆ. ಅವರ ಆರಂಭವನ್ನು ಅವರದೇ ನಡುವಿನೊಂದಿಗೆ ಹೋಲಿಸಿದರೆ ಆ ತೊಡಕು ತಪ್ಪುತ್ತದೆ.

ಎಚ್1–ಎಚ್2 ಎಲ್ಲ ಸ್ವರಗಳಲ್ಲೂ ನಂಬಿಕೆಗೆ ಅರ್ಹವಲ್ಲ. ಇ, ಉ ಸ್ವರಗಳ ಮೊದಲ ಫಾರ್ಮಂಟ್ (ಬಾಯಿಯ ಆಕಾರದಿಂದ ಬಲಗೊಳ್ಳುವ ಆವರ್ತನ) ಕೆಳಗಿರುತ್ತದೆ, ಆ ಹಾರ್ಮೋನಿಕ್‌ಗಳ ಹತ್ತಿರವೇ ಬಂದು ಅವನ್ನು ಎತ್ತಿಬಿಡುತ್ತದೆ. ಹಾಗಾಗಿ ಹುಳಿ–ಉಳಿ, ಹುರಿ–ಉರಿ ಜೋಡಿಗಳಲ್ಲಿ ಈ ಅಂಕಿಯ ಮೇಲೆ ಭಾರ ಹಾಕಬೇಡಿ. ಹಾರು–ಆರು, ಹಾಡು–ಆಡು, ಹಾಳು–ಆಳು ಇವುಗಳಲ್ಲಿ ಫಾರ್ಮಂಟ್ ಮೇಲಿರುತ್ತದೆ, ಅಳತೆ ಶುಚಿ.

ಇನ್ನು ಫೋನು. ಹಕಾರವೆಂದರೆ ಮಂದವಾದ ಗದ್ದಲ. ಫೋನಿನ ರೆಕಾರ್ಡರ್‌ನಲ್ಲಿರುವ ಗದ್ದಲ ತೆಗೆಯುವ ಸೌಲಭ್ಯ ಮೊದಲು ನುಂಗುವುದೇ ಅದನ್ನು! ಹಕಾರ ಇತ್ತು, ಫೋನು ಅಳಿಸಿತು, ನೀವು ಲೋಪ ಎಂದು ಬರೆದಿರಿ ಎಂದಾದರೆ ಡಿಸರ್ಟೇಶನ್ ಇಡಿಯಾಗಿ ಬಿದ್ದುಹೋಗುತ್ತದೆ. ಗದ್ದಲ ತೆಗೆಯುವುದನ್ನೂ ದನಿಯ ಮಟ್ಟ ತಾನಾಗಿ ಏರಿಳಿಸುವುದನ್ನೂ ನಿಲ್ಲಿಸಲು ಬಿಡುವ, ವೇವ್ ಕಡತವಾಗಿ ಉಳಿಸುವ ಆ್ಯಪ್ ಹಾಕಿಕೊಳ್ಳಿ. ವಿಭಾಗದಲ್ಲಿ ರೆಕಾರ್ಡರ್ ಇದ್ದರೆ ಅದೇ ಮೇಲು. 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ. ನಿಮಿಷಕ್ಕೆ ಸುಮಾರು 5.3 ಎಂಬಿ, 12 ಜನರ ಒಂದೊಂದು ಗಂಟೆಗೆ 4 ಜಿಬಿಯೊಳಗೆ ಮುಗಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡ ಧ್ವನಿಯನ್ನು ಅಳತೆಗೆ ಬಳಸಬೇಡಿ.

ರೆಕಾರ್ಡರ್‌ನಲ್ಲಿ ‘ಲೋ ಕಟ್’ ಎಂಬ ಗುಂಡಿ ಇರುತ್ತದೆ, ಅದನ್ನು ಆರಿಸಿಡಿ. ಗಂಡಸರ ದನಿಯ ಮೊದಲ ಹಾರ್ಮೋನಿಕ್ ಇರುವುದು 100–130 ಹರ್ಟ್ಸ್ ಆಸುಪಾಸಿನಲ್ಲಿ. ಲೋ ಕಟ್ ಅದನ್ನೇ ಕತ್ತರಿಸಿ ಎಚ್1–ಎಚ್2 ಕಡಿಮೆ ತೋರಿಸುತ್ತದೆ, ಗಂಡಸರೆಲ್ಲ ಹಕಾರ ಬಿಟ್ಟಂತೆ ಕಾಣುತ್ತದೆ. ಚಾರ್ಜರ್ ಸಿಕ್ಕಿಸಿಕೊಂಡು ಮುದ್ರಿಸಬೇಡಿ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯ ಎರಡನೇ ಹಾರ್ಮೋನಿಕ್ 100ರಲ್ಲೇ ಬಂದು ಕೂರುತ್ತದೆ. ಮೈಕು ಬಾಯಿಂದ 15–20 ಸೆಂಟಿಮೀಟರ್ ದೂರ, ನೇರ ಎದುರಿಗಲ್ಲ, ಕೆನ್ನೆಯ ಪಕ್ಕಕ್ಕೆ. ಎದುರಿಗಿಟ್ಟರೆ ಉಸಿರು ಬಡಿದು ‘ಅಕ್ಕಿ’ಯೂ ‘ಹಕ್ಕಿ’ಯಂತೆ ಕಾಣುತ್ತದೆ.

ಅಳತೆಯ ಜೊತೆ ಕಿವಿಯ ತೀರ್ಪೂ ಇರಲಿ. ಹಕಾರ ಪೂರ್ತಿ, ಮಸುಕು, ಇಲ್ಲ ಎಂದು ಮೂರೇ ಗುರುತು. ಪದದ ಮೊದಲ ಅಕ್ಷರವನ್ನಷ್ಟೇ ಕತ್ತರಿಸಿ, ಎಲ್ಲ ತುಣುಕುಗಳ ಕ್ರಮ ಕಲಸಿ, ಯಾವ ಪದವೆಂದು ತಿಳಿಯದ ಹಾಗೆ ಕೇಳಿ. ಪೂರ್ತಿ ಪದ ಕೇಳಿದರೆ ನಿಮ್ಮ ಮನಸ್ಸೇ ಹಕಾರ ತುಂಬಿಸಿಕೊಳ್ಳುತ್ತದೆ. 150 ತುಣುಕುಗಳನ್ನು ಸಹಪಾಠಿಯೊಬ್ಬರಿಗೂ ಕೊಡಿ. ಇಬ್ಬರ ತೀರ್ಪು ಎಷ್ಟು ಕೂಡಿತೆಂದು ಕಪ್ಪಾ (ಹೊಂದಾಣಿಕೆಯ ಅಂಕಿ, ಪೂರ್ತಿ ಕೂಡಿದರೆ 1) ಲೆಕ್ಕ ಹಾಕಿ. 0.6ಕ್ಕಿಂತ ಕೆಳಗೆ ಬಂದರೆ ‘ಮಸುಕು’ ಎಂಬ ಗುರುತಿಗೆ ನೀವಿಬ್ಬರೂ ಬೇರೆ ಬೇರೆ ಅರ್ಥ ಇಟ್ಟುಕೊಂಡಿದ್ದೀರಿ ಎಂದೇ ಲೆಕ್ಕ.

ನಾಗಮಂಗಲ_ಎಂಎ

ತುಂಬಾ ಧನ್ಯವಾದ ಇಬ್ಬರಿಗೂ. ಪರೀಕ್ಷೆಗೆಂದು ಇಬ್ಬರು ಅಜ್ಜಿಯರದು ಮುದ್ರಿಸಿದೆ. ಚಿತ್ರ ತೋರಿಸಿದಾಗ ‘ಹಕ್ಕಿ’, ‘ಹಾಡು’ ಸ್ಪಷ್ಟವಾಗಿ ಬಂತು. ಅವರಿಬ್ಬರೇ ಮಾತಾಡಿಕೊಳ್ಳುವಾಗ ಒಂದೂ ಹಕಾರ ಇಲ್ಲ, ‘ಅಂಗೇ ವೊಲದ ತಾವ್ಕೆ ಓದ್ಲು’ ಎಂಬ ಥರ. ಒಬ್ಬರು ಅಕ್ಕಿಯ ಚಿತ್ರಕ್ಕೆ ‘ಹಕ್ಕಿ’ ಅಂದರು. ಇದನ್ನು ತಪ್ಪು ಎಂದು ಪಟ್ಟಿಯಿಂದ ತೆಗೆಯಬೇಕೇ? ಹಾಗೆಯೇ ‘ಹೊರಟು ಹೋದ’ ಎಂಬುದು ‘ಒಂಟೋದ’ ಆಗಿದೆ. ಎರಡನೇ ಹಕಾರವನ್ನೂ ಎಣಿಸಬೇಕೇ?

ಸಮಾಜಭಾಷೆ_ಮೈಸೂರು

ತೆಗೆಯಬೇಡಿ! ಅಕ್ಕಿಗೆ ಹಕ್ಕಿ ಅಂದದ್ದು ನಿಮಗೆ ಸಿಕ್ಕ ಅತ್ಯಂತ ಬೆಲೆಬಾಳುವ ಮಾಹಿತಿ. ಓದಿದವರ ಮುಂದೆ ಹಕಾರ ಇರಬೇಕು ಎಂಬುದು ಆ ಅಜ್ಜಿಗೆ ಗೊತ್ತು, ಯಾವ ಪದದಲ್ಲಿ ಇರಬೇಕು ಎಂಬುದು ಮಾತ್ರ ಗೊತ್ತಿಲ್ಲ. ಅಂದರೆ ಅವರ ಮನಸ್ಸಿನ ಪದಕೋಶದಲ್ಲಿ ಹಕ್ಕಿ ಮತ್ತು ಅಕ್ಕಿ ಎರಡೂ ಸ್ವರದಿಂದಲೇ ಶುರುವಾಗುತ್ತವೆ. ಹಕಾರ ಮೇಲಿಂದ ಹಚ್ಚಿದ್ದು. ಬರೀ ಲೋಪವನ್ನು ಎಣಿಸಿದರೆ ಇದು ಕೈಗೆ ಹತ್ತುವುದಿಲ್ಲ. ಇಂಥ ಅತಿತಿದ್ದುಗೆಗೆ ಬೇರೆಯೇ ಸಂಕೇತ ಇಟ್ಟು, ಸ್ವರದಿಂದ ಶುರುವಾಗುವ ಪದಗಳೆಲ್ಲದರ ಪೈಕಿ ಎಷ್ಟರಲ್ಲಿ ಬಂತೆಂದು ಪ್ರತ್ಯೇಕ ಲೆಕ್ಕ ಕೊಡಿ.

ಮಾತಿನ ವರಸೆ ಬದಲಾದದ್ದೂ ಸಹಜ. ಗಮನಿಸುವವನು ಎದುರಿಗಿದ್ದಾಗ ಮಾತು ಬದಲಾಗುತ್ತದೆ, ಗಮನಿಸದೆ ಇರುವಾಗಿನ ಮಾತೇ ನಮಗೆ ಬೇಕು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಇದನ್ನು ಸಮಾಜಭಾಷಾವಿಜ್ಞಾನದ ಮೂಲ ಇಕ್ಕಟ್ಟೆಂದು ಗುರುತಿಸಿದ್ದರು. ಬಿಡಿಸಿಕೊಳ್ಳುವ ದಾರಿ: ಮೊದಲು 40 ನಿಮಿಷ ಹರಟೆ, ಆಮೇಲೆ ಚಿತ್ರ. ಅದಲುಬದಲು ಮಾಡಿದರೆ ಚಿತ್ರದ ಬಿಗಿ ಹರಟೆಗೂ ಅಂಟುತ್ತದೆ. ಇಬ್ಬರನ್ನು ಒಟ್ಟಿಗೆ ಕೂರಿಸಿ, ಒಬ್ಬೊಬ್ಬರಿಗೂ ಒಂದು ಕಾಲರ್ ಮೈಕು ಹಾಕಿ. ಮೊದಲ ಹತ್ತು ನಿಮಿಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನೀವೂ ನಾಗಮಂಗಲದ ಮಾತನ್ನೇ ಆಡಿ. ವಿಶ್ವವಿದ್ಯಾನಿಲಯದ ಕನ್ನಡದಲ್ಲಿ ಕೇಳಿದರೆ ಅದೇ ಕನ್ನಡದಲ್ಲಿ ಉತ್ತರ ಬರುತ್ತದೆ.

ಎಣಿಕೆಯಲ್ಲಿ ಛೇದವನ್ನು ಮೊದಲು ತೀರ್ಮಾನಿಸಿ. ‘ಎಷ್ಟು ಸಲ ಬಿಟ್ಟರು’ ಎಂಬುದಕ್ಕೆ ಅರ್ಥ ಬರುವುದು ‘ಬರಬಹುದಾಗಿದ್ದ ಎಷ್ಟು ಜಾಗಗಳಲ್ಲಿ’ ಎಂದು ಹೇಳಿದಾಗ ಮಾತ್ರ. ಪದದ ಮೊದಲ ಹಕಾರವನ್ನಷ್ಟೇ ಎಣಿಸಿ. ಬಹಳ–ಬಾಳ, ಮಹದೇವ–ಮಾದೇವ ಇವು ಪದದ ನಡುವಿನ ಹಕಾರ, ಬೇರೆ ಅಧ್ಯಾಯ. ‘ಹೊರಟು ಹೋದ’ದ ಎರಡನೇ ಹಕಾರವನ್ನು ಮುಖ್ಯ ಲೆಕ್ಕಕ್ಕೆ ಸೇರಿಸಬೇಡಿ. ಹಕಾರವನ್ನು ಚೆನ್ನಾಗಿ ಉಳಿಸಿಕೊಂಡವರೂ ‘ಹೊರಟೋದ’, ‘ಮರೆತೋಯ್ತು’ ಅನ್ನುತ್ತಾರೆ. ಕೂಡಿದ ಕ್ರಿಯಾಪದದಲ್ಲಿ ಆಗುವ ಈ ಲೋಪ ಎಲ್ಲರದು, ಮಂಡ್ಯದ್ದಲ್ಲ.

ಅಚ್ಚಗನ್ನಡ ಪದ, ಸಂಸ್ಕೃತದಿಂದ ಬಂದ ಹಿತ, ಹರಿ ಮುಂತಾದವು, ಇಂಗ್ಲಿಷಿನಿಂದ ಬಂದ ಹೋಟೆಲ್ (ಓಟ್ಲು) ಮುಂತಾದವು, ಈ ಮೂರಕ್ಕೂ ಬೇರೆ ಬೇರೆ ಗುರುತು. ಹರಟೆಯಲ್ಲಿ ಒಬ್ಬರಿಂದ 60 ಹಕಾರ ಸಾಕು, ಆದರೆ ಒಂದೇ ಪದವನ್ನು ಐದು ಸಲಕ್ಕಿಂತ ಹೆಚ್ಚು ಎಣಿಸಬೇಡಿ. ಮಿತಿ ಇಡದಿದ್ದರೆ ಹೋಗು, ಹೇಳು, ಹಂಗೆ ಇವೇ ಪಟ್ಟಿಯನ್ನೆಲ್ಲ ಆಕ್ರಮಿಸಿಕೊಂಡು, ಮೂರು ಪದಗಳ ಗುಣವನ್ನು ಊರಿನ ಗುಣವೆಂದು ಬರೆದಂತಾಗುತ್ತದೆ.

ಜಾತಿ, ಓದು, ವಯಸ್ಸು ಇವು ಕನ್ನಡದ ಉಪಭಾಷೆಗಳಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ವಿಲಿಯಂ ಬ್ರೈಟ್ ಮತ್ತು ಎ.ಕೆ. ರಾಮಾನುಜನ್ 1960ರ ದಶಕದಲ್ಲೇ ದ್ರಾವಿಡ ಭಾಷೆಗಳಲ್ಲಿ ಜಾತಿಗೂ ಭಾಷೆಯ ಬದಲಾವಣೆಗೂ ಇರುವ ನಂಟಿನ ಬಗ್ಗೆ ಬರೆದಿದ್ದಾರೆ. 12 ಜನರಲ್ಲಿ ಇವನ್ನೆಲ್ಲ ಬಿಡಿಸಲಾಗದು. ಒಂದೇ ಸಮುದಾಯದವರನ್ನು ಆರಿಸಿಕೊಂಡು, ಹಾಗೆ ಆರಿಸಿದ್ದೇಕೆಂದು ಮೊದಲ ಅಧ್ಯಾಯದಲ್ಲೇ ಹೇಳಿ. ಒಪ್ಪಿಗೆಯನ್ನು ಕನ್ನಡದಲ್ಲಿ, ಧ್ವನಿಮುದ್ರಣದ ಶುರುವಿನಲ್ಲೇ ಪಡೆಯಿರಿ. ಕಡತಕ್ಕೆ ಸಂಕೇತ ಸಂಖ್ಯೆ ಇಡಿ, ಹೆಸರು ಬೇಡ. ‘ಅಶುದ್ಧ ಉಚ್ಚಾರ’ ಎಂಬ ಮಾತು ಡಿಸರ್ಟೇಶನ್‌ನಲ್ಲಿ ಎಲ್ಲೂ ಬರಬಾರದು.

ಧ್ವನಿಮಾ_ಸಂಧಿ

ಮೇಲಿನವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಒಂದರ ಹೊರತು. ‘ಒಂಟೋದ’ದಂಥವನ್ನು ಮುಖ್ಯ ಎಣಿಕೆಯಿಂದ ಹೊರಗಿಡಿ, ಸರಿ. ಆದರೆ ಎಸೆಯಬೇಡಿ. ಹಕಾರ ಬರೀ ಬಾಯಿಂದ ಜಾರಿದೆಯೋ, ಧ್ವನಿಮಾ (ಅರ್ಥ ಬೇರ್ಪಡಿಸುವ ಧ್ವನಿಗಳ) ವ್ಯವಸ್ಥೆಯಿಂದಲೇ ಹೋಗಿದೆಯೋ ಎಂಬುದಕ್ಕೆ ಸಾಕ್ಷಿ ಸಂಧಿಯಲ್ಲಿದೆ. ಲೋಪಸಂಧಿ ಆಗುವುದು ಮುಂದೆ ಸ್ವರ ಇದ್ದಾಗ: ಅದು + ಏನು = ಅದೇನು. ಈಗ ‘ಅದು ಹೆಂಗೆ’ ಎಂಬುದು ‘ಅದೆಂಗೆ’ ಆಗಿದ್ದರೆ ಉಕಾರದ ಮುಂದೆ ಇದ್ದದ್ದು ಸ್ವರವೇ. ಕ್ರಿಯಾಪದ ಕೂಡದ ಇಂಥ ಜಾಗಗಳನ್ನು, ‘ಇನ್ನು ಹೆಚ್ಚು’, ‘ಎರಡು ಹಣ್ಣು’ ಮೊದಲಾದವನ್ನು, ಬೇರೆ ಪಟ್ಟಿ ಮಾಡಿ.

ಇದಕ್ಕಿಂತ ಚುರುಕಾದ ಪರೀಕ್ಷೆ ಎ, ಒ ಸ್ವರಗಳಲ್ಲಿದೆ. ಪದದ ಮೊದಲು ಎ ಬಂದರೆ ಮಾತಿನಲ್ಲಿ ಸಣ್ಣ ಯಕಾರ, ಒ ಬಂದರೆ ಸಣ್ಣ ವಕಾರ ಸೇರುತ್ತದೆ: ಯೆಲ್ಲಿ, ವೊಂದು. ನಿಮ್ಮ ಅಜ್ಜಿ ‘ವೊಲ’ ಅಂದಿದ್ದಾರೆ. ಅಂದರೆ ಹೊಲದ ಹಕಾರ ಮೊದಲು ಹೋಗಿ, ಆಮೇಲೆ ಉಳಿದ ಒಕಾರಕ್ಕೆ ವಕಾರ ಸೇರಿದೆ. ಆದರೆ ನೋಡಿ, ಅದೇ ಸಾಲಿನಲ್ಲಿ ‘ಓದ್ಲು’ ಎಂದು ಬರೆದುಕೊಂಡಿದ್ದೀರಿ, ‘ವೋದ್ಲು’ ಎಂದಲ್ಲ. ಅಲ್ಲಿ ವಕಾರ ನಿಜವಾಗಿಯೂ ಇರಲಿಲ್ಲವೇ, ಲಿಪಿಯ ಅಭ್ಯಾಸದಿಂದ ಬಿಟ್ಟಿರೇ? ಮತ್ತೆ ಕೇಳಿ. ಪ್ರಾಟ್‌ನಲ್ಲಿ ಎರಡನೇ ಫಾರ್ಮಂಟ್ ಇದನ್ನು ತೋರಿಸುತ್ತದೆ: ಯಕಾರ ಇದ್ದರೆ ಅದು ಮೇಲಿನಿಂದ ಇಳಿದು ಎಕಾರಕ್ಕೆ ಬರುತ್ತದೆ, ವಕಾರ ಇದ್ದರೆ ಕೆಳಗಿನಿಂದ ಏರಿ ಒಕಾರಕ್ಕೆ ಸೇರುತ್ತದೆ. ಫಾರ್ಮಂಟ್ ಮಿತಿ ಗಂಡಸರಿಗೆ 5000, ಹೆಂಗಸರಿಗೆ 5500 ಹರ್ಟ್ಸ್ ಇಡಿ.

ಎಸರು ಎಂಬುದು ‘ಯೆಸರು’ ಆಗಿ, ಹೆಸರು ಎಂಬುದು ಯಕಾರವಿಲ್ಲದ ಬರೀ ‘ಎಸರು’ ಆಗಿ ಬಂದರೆ? ಆಗ ಹಕಾರ ಕಿವಿಗೆ ಕೇಳದಿದ್ದರೂ ವ್ಯತ್ಯಾಸ ಉಳಿದುಕೊಂಡಿದೆ, ಜೋಡಿ ಪೂರ್ತಿ ಒಂದಾಗಿಲ್ಲ. ಎರಡೂ ‘ಯೆಸರು’ ಆದರೆ ಒಂದಾಗಿದೆ. ಹನ್ನೆರಡು ಜನರಲ್ಲಿ ಯಾರು ಯಾವ ಕಡೆ ಎಂಬ ಒಂದು ಕೋಷ್ಟಕ ಬಂದರೆ, ನಿಮ್ಮ ಡಿಸರ್ಟೇಶನ್‌ನ ತಿರುಳು ಅದೇ. ಹೇಳು–ಏಳು ಜೋಡಿಯನ್ನು ಮಾತ್ರ ಬೇರೆ ಇಡಿ. ನಿಮ್ಮ ಕಡೆ ಹೇಳು ‘ಯೋಳು’ ಆಗುವುದುಂಟು, ಅಲ್ಲಿ ಸ್ವರವೇ ಬದಲಾಗಿದೆ. ಏಳುವುದಕ್ಕೂ ಹಾಗೆ ಆಗುತ್ತದೆಯೇ ಎಂಬುದನ್ನು ಕೇಳಿಯೇ ಬರೆಯಬೇಕು.

ಚರಿತ್ರೆಗೆ ಎರಡು ಪುಟ ಸಾಕು. ಪಟ್ಟಿಯಲ್ಲಿರುವ ಹಕಾರವೆಲ್ಲ ಹಳಗನ್ನಡದ ಪಕಾರ: ಪಕ್ಕಿ, ಪುಳಿ, ಪಾಡು, ಪೆಸರ್, ಪೇಳ್. ತಮಿಳಿನಲ್ಲಿ ಪುಳಿ, ಪಾಡು ಇಂದಿಗೂ ಹಾಗೇ ಇವೆ. ಕನ್ನಡದಲ್ಲೂ ಹತ್ತು ಒಂಟಿಯಾಗಿ ಹಕಾರಕ್ಕೆ ತಿರುಗಿದರೂ ಇಪ್ಪತ್ತು, ಎಪ್ಪತ್ತುಗಳ ಒಳಗೆ ಪಕಾರ ಉಳಿದಿದೆ. ಪಕಾರದಿಂದ ಹಕಾರ, ಹಕಾರದಿಂದ ಶೂನ್ಯ: ನಾಗಮಂಗಲದ ಮಾತು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ.

ಕ್ಷೇತ್ರಕಾರ್ಯ_ಧಾರವಾಡ

ಫಲಿತಾಂಶ ಬರೆಯುವಾಗ ಒಂದು ಎಚ್ಚರಿಕೆ. 12 ಜನರ 1440 ಉಚ್ಚಾರವನ್ನು ಒಟ್ಟಿಗೆ ಸುರಿದು ‘ಶೇಕಡಾ ಇಷ್ಟು ಲೋಪ’ ಎಂದು ಒಂದೇ ಅಂಕಿ ಕೊಡಬೇಡಿ. ಒಬ್ಬರು ಪೂರ್ತಿ ಬಿಟ್ಟು ಇನ್ನೊಬ್ಬರು ಪೂರ್ತಿ ಉಳಿಸಿಕೊಂಡರೂ ಸರಾಸರಿ 50 ಬರುತ್ತದೆ, ಅಂಥ ಮಾತಾಡುವವರು ಊರಲ್ಲಿ ಒಬ್ಬರೂ ಇರುವುದಿಲ್ಲ. ಒಬ್ಬೊಬ್ಬರಿಗೆ ಒಂದು ಸಾಲು: ಹರಟೆಯಲ್ಲಿ ಎಷ್ಟು, ಚಿತ್ರದಲ್ಲಿ ಎಷ್ಟು, ಅತಿತಿದ್ದುಗೆ ಎಷ್ಟು. ಉದಾಹರಣೆಗಳನ್ನು ಐ.ಪಿ.ಎ.ಯಲ್ಲೇ (ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ) ಕೊಡಿ. ಕನ್ನಡ ಲಿಪಿಯ ‘ಎ’ಯಲ್ಲಿ ಯಕಾರ ಇತ್ತೋ ಇಲ್ಲವೋ ತೋರಿಸಲು ಆಗುವುದಿಲ್ಲ, ‘ಓದ್ಲು’ ವಿಷಯದಲ್ಲಿ ಆದದ್ದೂ ಅದೇ.